ಸ್ಕ್ಯಾನಿಂಗ್ ನಾರ್ಮಲ್, ಹೊಟ್ಟೆನೋವು ಹಾಗೇ ಇದೆ: ಜಠರಕ್ಕೆ ಯಾವ ಪರೀಕ್ಷೆ?

‘ಸ್ಕ್ಯಾನಿಂಗ್ ಮಾಡಿಸಿದೆ, ಏನೂ ಇಲ್ಲವಂತೆ. ನೋವು ಮಾತ್ರ ಹಾಗೇ ಇದೆ.’ ಮೇಲ್ಹೊಟ್ಟೆಯ ಉರಿ, ಹುಳಿತೇಗು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇವುಗಳಿಂದ ತಿಂಗಳುಗಟ್ಟಲೆ ಬಳಲಿದವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಕೈಯಲ್ಲಿ ನಾರ್ಮಲ್ ಎಂಬ ರಿಪೋರ್ಟ್ ಇರುತ್ತದೆ, ಜೇಬಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಇರುತ್ತದೆ. ವೈದ್ಯರು ‘ಒಮ್ಮೆ ಎಂಡೋಸ್ಕೋಪಿ ಮಾಡಿಸೋಣ’ ಎಂದಾಗ ಅನುಮಾನ ಹುಟ್ಟುತ್ತದೆ: ಸ್ಕ್ಯಾನ್‌ನಲ್ಲೇ ಏನೂ ಇಲ್ಲವೆಂದ ಮೇಲೆ ಗಂಟಲೊಳಗೆ ಪೈಪ್ ಯಾಕೆ? ಅದರ ಬದಲು ದೊಡ್ಡ ಸ್ಕ್ಯಾನ್, ಸಿಟಿಯನ್ನೋ ಎಂಆರ್‌ಐಯನ್ನೋ ಮಾಡಿಸಿದರೆ ಆಗದೆ?

ನಿಮಗೂ ಈ ಪ್ರಶ್ನೆ ಬಂದಿದ್ದರೆ ಮೊದಲು ಒಂದು ವಿಷಯ ತಿಳಿದಿರಲಿ. ಹೊಟ್ಟೆಯ ಅಲ್ಟ್ರಾಸೌಂಡ್ ನಾರ್ಮಲ್ ಬಂದರೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳಂಥ ಗಟ್ಟಿ ಅಥವಾ ದ್ರವ ತುಂಬಿದ ಅಂಗಗಳಲ್ಲಿ ಎದ್ದು ಕಾಣುವ ತೊಂದರೆ ಇಲ್ಲವೆಂದು ಅರ್ಥ. ಜಠರದ ಒಳಗೆ ಹುಣ್ಣಿಲ್ಲ ಎಂದು ಆ ರಿಪೋರ್ಟ್ ಹೇಳಿಯೇ ಇಲ್ಲ.

ಇಲ್ಲಿಯವರೆಗೆ ಬಂದ ದಾರಿ

ಜೀವಂತ ಮನುಷ್ಯನ ಜಠರವನ್ನು ಇಣುಕಿ ನೋಡುವ ಪ್ರಯತ್ನ ಹಳೆಯದು. 1868ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್, ಕತ್ತಿ ನುಂಗುವ ಕಸುಬಿನವನೊಬ್ಬನ ಗಂಟಲಿನಲ್ಲಿ ನೆಟ್ಟಗಿನ ಕೊಳವೆ ಇಳಿಸಿ ನೋಡಿದರು. ಬೆಳಕು ಸಾಲದೆ ಹೆಚ್ಚೇನೂ ಕಾಣಲಿಲ್ಲ. 1895ರಲ್ಲಿ ಎಕ್ಸ್‌ರೇ ಬಂದ ಮೇಲೆ, ಬೇರಿಯಂ ಕುಡಿಸಿ ಜಠರದ ಆಕಾರವನ್ನು ನೆರಳಿನಲ್ಲಿ ನೋಡುವ ಪದ್ಧತಿ ಬೆಳೆದು ದಶಕಗಳ ಕಾಲ ಅದೇ ಮುಖ್ಯ ಪರೀಕ್ಷೆಯಾಗಿ ಉಳಿಯಿತು. 1957ರಲ್ಲಿ ಅಮೆರಿಕದಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಮತ್ತು ಸಂಗಡಿಗರು ಗಾಜಿನ ಎಳೆಗಳ ಮೂಲಕ ಬೆಳಕು ಹಾಯಿಸುವ, ಬಳುಕುವ ಎಂಡೋಸ್ಕೋಪ್ ಸಿದ್ಧಪಡಿಸಿದರು. ಇಂದಿನ ಉಪಕರಣದ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದೆ, ದಪ್ಪ ಸುಮಾರು 9 ರಿಂದ 10 ಮಿಲಿಮೀಟರ್.

ಸ್ಕ್ಯಾನ್‌ಗೆ ಜಠರ ಯಾಕೆ ಸಿಕ್ಕುವುದಿಲ್ಲ?

ಅಲ್ಟ್ರಾಸೌಂಡ್ ಕೆಲಸ ಮಾಡುವುದು ಶಬ್ದದ ಅಲೆಗಳಿಂದ. ನಮ್ಮ ಕಿವಿಗೆ ಕೇಳದ ಅಲೆಗಳು ದೇಹದೊಳಗೆ ಹೋಗಿ, ಅಂಗಾಂಶಗಳಿಗೆ ತಾಗಿ ಮರಳುತ್ತವೆ; ಆ ಮರುದನಿಯಿಂದ ಚಿತ್ರ ಮೂಡುತ್ತದೆ. ಗಾಳಿ ಎದುರಾದರೆ ಅಲೆಗಳು ಬಹುಪಾಲು ಅಲ್ಲಿಂದಲೇ ಹಿಂತಿರುಗುತ್ತವೆ, ಆಚೆ ಏನಿದೆಯೋ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡುವ ಮೊದಲು ಹೊಟ್ಟೆಗೆ ತಣ್ಣನೆಯ ಜೆಲ್ ಬಳಿಯುವುದು ಇದೇ ಕಾರಣಕ್ಕೆ: ಚರ್ಮಕ್ಕೂ ಯಂತ್ರದ ತುದಿಗೂ ನಡುವಿನ ತೆಳು ಗಾಳಿಯ ಪದರ ಕೂಡ ಚಿತ್ರ ಕೆಡಿಸುತ್ತದೆ. ಹೊರಗಿನ ಗಾಳಿಯನ್ನು ಜೆಲ್ ಹೊರದೂಡುತ್ತದೆ, ಜಠರದೊಳಗಿನ ಗಾಳಿಯನ್ನು ಯಾರು ಹೊರದೂಡಬೇಕು? ನಾವು ನುಂಗುವ ಗಾಳಿ ಅಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ರಿಪೋರ್ಟ್‌ಗಳಲ್ಲಿ ‘ಬೋವೆಲ್ ಗ್ಯಾಸ್ ಹೆಚ್ಚಾಗಿದ್ದರಿಂದ ಪ್ಯಾಂಕ್ರಿಯಾಸ್ ಸ್ಪಷ್ಟವಾಗಿ ಕಾಣಲಿಲ್ಲ’ ಎಂಬ ಸಾಲು ಸಾಮಾನ್ಯ. ಅದನ್ನು ‘ನಿಮಗೆ ಗ್ಯಾಸ್ ಕಾಯಿಲೆ ಇದೆ’ ಎಂದು ಓದಿಕೊಳ್ಳುವವರು ಬಹಳ. ಮೇದೋಜೀರಕ ಗ್ರಂಥಿಯನ್ನು ಸರಿಯಾಗಿ ನೋಡಲು ಆಗಲಿಲ್ಲ ಎಂದಷ್ಟೇ ಅದರ ತಾತ್ಪರ್ಯ.

ಇನ್ನೊಂದು ಕಾರಣ, ರೋಗ ಇರುವ ಜಾಗ. ಜಠರದ ಸಾಮಾನ್ಯ ಕಾಯಿಲೆಗಳು, ಅಂದರೆ ಉರಿಯೂತ, ಹುಣ್ಣು, ಆರಂಭದ ಕ್ಯಾನ್ಸರ್, ಶುರುವಾಗುವುದು ಒಳಗಿನ ಲೋಳೆಪೊರೆಯಲ್ಲಿ. ಅದರ ಬಣ್ಣ ಕೆಂಪಾಗಿದೆಯೇ, ಬಿಳಿಚಿದೆಯೇ, ಎಲ್ಲಾದರೂ ಚರ್ಮ ಕಿತ್ತಂತಿದೆಯೇ ಎಂಬುದು ಮುಖ್ಯ. ಸ್ಕ್ಯಾನ್‌ನ ಬೂದು ಛಾಯೆಗಳಲ್ಲಿ ಈ ಬಣ್ಣ ಇಲ್ಲ.

ಸಿಟಿ ಸ್ಕ್ಯಾನ್‌ಗೆ ಗಾಳಿಯ ತಡೆ ಇಲ್ಲ. ಜಠರದ ಗೋಡೆ ದಪ್ಪವಾಗಿದ್ದರೆ, ಗಡ್ಡೆ ಹೊರಕ್ಕೆ ಬೆಳೆದಿದ್ದರೆ, ಸುತ್ತಲಿನ ಗ್ರಂಥಿಗಳು ಊದಿದ್ದರೆ, ಯಕೃತ್ತಿಗೆ ರೋಗ ಹರಡಿದ್ದರೆ ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಸಣ್ಣ ಹುಣ್ಣು, ಮೇಲ್ಪದರದ ಉರಿಯೂತ ತಪ್ಪಿಸಿಕೊಳ್ಳುತ್ತವೆ. ತಿರುವುಮುರುವಾದ ತೊಂದರೆಯೂ ಇದೆ: ಖಾಲಿ ಜಠರ ಮುದುಡಿಕೊಂಡಾಗ ಗೋಡೆ ದಪ್ಪಗಿರುವಂತೆ ಕಾಣುತ್ತದೆ. ‘ವಾಲ್ ಥಿಕನಿಂಗ್’ ಎಂದು ರಿಪೋರ್ಟ್‌ನಲ್ಲಿ ಬಂದು ಮನೆಮಂದಿಯೆಲ್ಲ ಗಾಬರಿಯಾಗಿ, ಕೊನೆಗೆ ಎಂಡೋಸ್ಕೋಪಿಯಲ್ಲಿ ಏನೂ ಇಲ್ಲವೆಂದು ತಿಳಿಯುವ ಪ್ರಸಂಗಗಳು ಕಡಿಮೆಯೇನಲ್ಲ. ಜೊತೆಗೆ ಹೊಟ್ಟೆಯ ಒಂದು ಸಿಟಿಯಿಂದ ಸುಮಾರು 8 ರಿಂದ 10 ಮಿಲಿಸೀವರ್ಟ್‌ನಷ್ಟು ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಸಹಜವಾಗಿ ನಮಗೆ ತಗಲುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4. ಬೇಕಾದಾಗ ಇದಕ್ಕೆ ಹೆದರಬೇಕಿಲ್ಲ, ಸುಮ್ಮನೆ ಸಮಾಧಾನಕ್ಕೆಂದು ಮಾಡಿಸಬಾರದು, ಅಷ್ಟೆ.

ಎಂಆರ್‌ಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಸಿರಾಟದ ಜೊತೆ ಅಲುಗುವ ಜಠರಕ್ಕೆ ಅದು ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಪಿತ್ತನಾಳ ನೋಡಲು ಎಂಆರ್‌ಸಿಪಿ ಎಂಬ ಹೆಸರಲ್ಲಿ ಬಹಳ ಉಪಯೋಗ.

ಬೇರಿಯಂ ಪರೀಕ್ಷೆ ಇಂದಿಗೂ ಸತ್ತಿಲ್ಲ. ಅನ್ನನಾಳದ ಕೆಳತುದಿ ಸಡಿಲವಾಗದ ಅಕಲೇಸಿಯಾ, ಜಠರ ತಿರುಚಿಕೊಳ್ಳುವುದು, ಹಯಾಟಸ್ ಹರ್ನಿಯಾದ ಆಕಾರ, ಇಂಥವುಗಳನ್ನು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ಜಠರದ ಕ್ಯಾನ್ಸರ್ ಹೆಚ್ಚಿರುವ ಜಪಾನಿನಲ್ಲಿ ಜನರನ್ನು ಸಾಮೂಹಿಕವಾಗಿ ತಪಾಸಣೆ ಮಾಡಲು ಬೇರಿಯಂ ಎಕ್ಸ್‌ರೇಯನ್ನೇ ಬಹುಕಾಲ ನೆಚ್ಚಿಕೊಂಡಿದ್ದರು. ಈಗ ಎಂಡೋಸ್ಕೋಪಿಗೂ ಅವಕಾಶವಿದೆ. ಎಕ್ಸ್‌ರೇಯಲ್ಲಿ ಅನುಮಾನ ಬಂದವರು ಹೇಗಿದ್ದರೂ ಎಂಡೋಸ್ಕೋಪಿಗೇ ಹೋಗಬೇಕು, ಯಾಕೆಂದರೆ ನೆರಳಿನಿಂದ ಚೂರು ತೆಗೆಯಲು ಬರುವುದಿಲ್ಲ.

ಎಂಡೋಸ್ಕೋಪಿಯ ಬಲ ಎಲ್ಲಿದೆ?

ಈ ಚೂರು ತೆಗೆಯುವುದೇ, ಅಂದರೆ ಬಯಾಪ್ಸಿಯೇ, ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ. ಅನ್ನನಾಳ, ಜಠರ, ಸಣ್ಣ ಕರುಳಿನ ಆರಂಭದ ಭಾಗ ಮೂರನ್ನೂ ವೈದ್ಯರು ಬಣ್ಣದಲ್ಲಿ, ಹತ್ತಿರದಿಂದ ನೋಡುತ್ತಾರೆ. ಅನುಮಾನ ಬಂದ ಕಡೆ ಸಣ್ಣ ಇಕ್ಕಳದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆಯುತ್ತಾರೆ. ಲೋಳೆಪೊರೆಗೆ ಚಿವುಟಿದ ನೋವು ತಿಳಿಯುವುದಿಲ್ಲ. ನೋಟಕ್ಕೆ ಸಾಧು ಹುಣ್ಣಿನಂತಿದ್ದದ್ದು ಕ್ಯಾನ್ಸರ್ ಆಗಿರಬಹುದು, ಭಯ ಹುಟ್ಟಿಸುವಂತಿದ್ದದ್ದು ಸಾಮಾನ್ಯ ಹುಣ್ಣಾಗಿರಬಹುದು. ನಿರ್ಧರಿಸುವುದು ಸೂಕ್ಷ್ಮದರ್ಶಕ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನೂ ಈ ಚೂರಿನಿಂದ ಪತ್ತೆಹಚ್ಚಬಹುದು. ಖಾರ, ಒತ್ತಡಗಳೇ ಹುಣ್ಣಿಗೆ ಕಾರಣ ಎಂದು ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಜೀವಿಯತ್ತ ಬೆರಳು ತೋರಿಸಿದರು. 2005ರ ನೊಬೆಲ್ ಅವರಿಗೆ ಸಂದಿತು. ಅವರು ಶುರುಮಾಡಿದ್ದು ಜಠರದ ಬಯಾಪ್ಸಿ ಚೂರುಗಳಿಂದ. ಇಂದು ಎಂಡೋಸ್ಕೋಪಿ ಕೊಠಡಿಯಲ್ಲೇ ಆ ಚೂರನ್ನು ಒಂದು ಪುಟ್ಟ ಕಿಟ್‌ನೊಳಗೆ ಹಾಕುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಹಳದಿ ಬಣ್ಣ ಗುಲಾಬಿಗೆ ತಿರುಗುತ್ತದೆ. ರಿಪೋರ್ಟ್‌ನಲ್ಲಿ ‘ಆರ್‌ಯುಟಿ ಪಾಸಿಟಿವ್’ ಎಂದು ಬರೆದಿರುವುದು ಇದನ್ನೇ.

ಇನ್ನೊಂದು ಅನುಕೂಲ, ನೋಡುತ್ತಲೇ ಚಿಕಿತ್ಸೆ ಮಾಡಬಹುದು. ರಕ್ತ ಸೋರುವ ನಾಳಕ್ಕೆ ಕ್ಲಿಪ್ ಹಾಕುವುದು, ಗಂಟಲಿನಿಂದ ಜಾರಿದ ನಾಣ್ಯ ತೆಗೆಯುವುದು ಇಂಥ ಕೆಲಸ ಯಾವ ಸ್ಕ್ಯಾನ್‌ನಿಂದಲೂ ಆಗದು.

ಹಾಗೆಂದು ಎಂಡೋಸ್ಕೋಪಿಗೆ ಎಲ್ಲವೂ ಕಾಣುತ್ತದೆ ಎಂದುಕೊಳ್ಳಬೇಡಿ. ಮನೆಯೊಳಗೆ ನಿಂತವರಿಗೆ ಗೋಡೆಯ ಸುಣ್ಣ ಕಾಣುತ್ತದೆ, ಗೋಡೆಯ ನಡುವಿನ ಗೆದ್ದಲು ಕಾಣುವುದಿಲ್ಲ. ಜಠರದ ಕ್ಯಾನ್ಸರ್‌ನಲ್ಲಿ ಒಂದು ಬಗೆ ಲೋಳೆಪೊರೆಯ ಅಡಿಯಲ್ಲೇ ಹರಡಿ ಗೋಡೆಯನ್ನು ಬಿಗಿಯಾಗಿಸುತ್ತದೆ. ಮೇಲ್ಮೈ ಸರಿಯಾಗಿಯೇ ಕಾಣಬಹುದು, ಬಯಾಪ್ಸಿಯೂ ನೆಗೆಟಿವ್ ಬರಬಹುದು. ಗಾಳಿ ತುಂಬಿದರೂ ಜಠರ ಸರಿಯಾಗಿ ಹಿಗ್ಗುತ್ತಿಲ್ಲ ಎಂಬ ಸುಳಿವು ಹಿಡಿದು, ಸಿಟಿ ಅಥವಾ ಎಂಡೋಸ್ಕೋಪ್ ತುದಿಗೇ ಅಲ್ಟ್ರಾಸೌಂಡ್ ಅಳವಡಿಸಿದ ಇಯುಎಸ್ ಪರೀಕ್ಷೆಯ ಮೊರೆ ಹೋಗಬೇಕಾಗುತ್ತದೆ. ಗೋಡೆಯೊಳಗಿನ ಗಡ್ಡೆ ಯಾವ ಪದರದಿಂದ ಎದ್ದಿದೆ, ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ಇಯುಎಸ್ ಹೇಳುತ್ತದೆ. ಕ್ಯಾನ್ಸರ್ ಖಚಿತವಾದವರಿಗೆ ಮುಂದಿನ ಚಿಕಿತ್ಸೆ ನಿರ್ಧರಿಸಲು ಸಿಟಿ ಬೇಕೇಬೇಕು. ಹೀಗಾಗಿ ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ನನ್ನ ತೊಂದರೆಗೆ ಈಗ ಯಾವ ಉತ್ತರ ಬೇಕು ಎಂದು ಕೇಳುವುದು ಸರಿ.

ಯಾವ ತೊಂದರೆಗೆ ಯಾವ ಪರೀಕ್ಷೆ?

ಮೊದಲಿಗೆ ಎಚ್ಚರಿಕೆಯ ಮಾತು. ಮೇಲ್ಹೊಟ್ಟೆಯಲ್ಲಿ ಹಠಾತ್ತನೆ ಒತ್ತಿದಂಥ ನೋವು, ಬೆವರು, ಉಸಿರುಗಟ್ಟುವಿಕೆ, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ ಅದು ಹೃದಯಾಘಾತ ಇರಬಹುದು. ಸೋಡಾ ಕುಡಿದು, ಓಮ ಜಗಿದು ಕಾಯುವುದು ಬೇಡ. ಕೂಡಲೇ ಇಸಿಜಿ ಆಗಬೇಕು. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಹೊಟ್ಟೆ ತೊಳಸುವಿಕೆಯಾಗಿಯೂ ಅದು ಬರಬಹುದು.

1. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಪದೇ ಪದೇ ವಾಂತಿ, ರಕ್ತಹೀನತೆ, ತಂದೆತಾಯಿ ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್: ಇವುಗಳಲ್ಲಿ ಯಾವುದಿದ್ದರೂ ಎಂಡೋಸ್ಕೋಪಿ ತಡಮಾಡಬಾರದು. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣಕ್ಕೂ ಇದೇ ಮಾತು. ಅಮೆರಿಕದ ಮಾರ್ಗಸೂಚಿ ಇದಕ್ಕೆ 60 ವರ್ಷವನ್ನು ಗೆರೆಯಾಗಿ ಇಟ್ಟುಕೊಂಡಿದೆ. ನಮ್ಮಲ್ಲಿ ಅನೇಕ ವೈದ್ಯರು 45ರ ಆಸುಪಾಸಿನಲ್ಲೇ ಸಲಹೆ ಮಾಡುತ್ತಾರೆ.

2. ಚಿಕ್ಕ ವಯಸ್ಸು, ಮೇಲಿನ ಯಾವ ಲಕ್ಷಣವೂ ಇಲ್ಲ, ಬರೀ ಉರಿ ಮತ್ತು ಉಬ್ಬರ. ಇಂಥವರಿಗೆ ಮೊದಲೇ ಪೈಪ್ ಬೇಕಿಲ್ಲ, ಸಿಟಿಯಂತೂ ಬೇಡವೇ ಬೇಡ. ಮಲದ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆಯಿಂದ ಪೈಲೋರಿ ಇದೆಯೇ ನೋಡಿ ಚಿಕಿತ್ಸೆ ಕೊಡಬಹುದು, ಇಲ್ಲವೇ ಕೆಲವು ವಾರ ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟು ನೋಡಬಹುದು. ಅಜೀರ್ಣಕ್ಕೆಂದು ಎಂಡೋಸ್ಕೋಪಿ ಮಾಡಿಸಿದ ಬಹುಪಾಲು ಜನರಲ್ಲಿ ಗಂಭೀರವಾದದ್ದೇನೂ ಸಿಗುವುದಿಲ್ಲ.

3. ಜಿಡ್ಡಿನ ಊಟದ ನಂತರ ಬಲಗಡೆ ಪಕ್ಕೆಯ ಕೆಳಗೆ ಅಥವಾ ಮೇಲ್ಹೊಟ್ಟೆಯಲ್ಲಿ ಹಿಡಿದುಕೊಂಡು, ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು, ಬಲ ಹೆಗಲಿಗೆ ಹರಿಯುವ ನೋವು: ಇಲ್ಲಿ ಅಲ್ಟ್ರಾಸೌಂಡ್‌ಗೇ ಮೊದಲ ಸ್ಥಾನ. ಪಿತ್ತಕೋಶದ ಕಲ್ಲು ಹುಡುಕುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

4. ಬೆನ್ನಿಗೆ ತೂರುವ ನೋವು, ಜೊತೆಗೆ ತೂಕ ಇಳಿಕೆ ಅಥವಾ ವಯಸ್ಸಾದ ಮೇಲೆ ಹೊಸದಾಗಿ ಬಂದ ಸಕ್ಕರೆ ಕಾಯಿಲೆ: ಮೇದೋಜೀರಕವನ್ನು ನೋಡಬೇಕು, ಅದಕ್ಕೆ ಸಿಟಿ.

5. ರಕ್ತ ವಾಂತಿ, ಅಥವಾ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ: ಇದು ತುರ್ತು. ಆಸ್ಪತ್ರೆಯಲ್ಲಿ ರಕ್ತದೊತ್ತಡ ಸರಿಪಡಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡುತ್ತಾರೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದ್ದರಿಂದ ಏನು ಮಾತ್ರೆ ತಿನ್ನುತ್ತಿದ್ದೀರಿ ಎಂದು ಹೇಳಿ.

6. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ಭಾರೀ ನೋವು, ಹೊಟ್ಟೆ ಹಲಗೆಯಂತೆ ಗಟ್ಟಿ: ಹುಣ್ಣು ತೂತಾಗಿರಬಹುದು. ನೀರನ್ನೂ ಕುಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲಿ ಎಂಡೋಸ್ಕೋಪಿಯನ್ನೂ ಬೇರಿಯಂ ಅನ್ನೂ ದೂರ ಇಡುತ್ತಾರೆ. ನಿಲ್ಲಿಸಿ ತೆಗೆದ ಒಂದು ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡರೆ ಕಾಯಿಲೆ ಬಹುಮಟ್ಟಿಗೆ ಗೊತ್ತಾಗುತ್ತದೆ, ಕಾಣದಿದ್ದರೆ ಸಿಟಿ.

ಎಂಡೋಸ್ಕೋಪಿಗೆ ಸಿದ್ಧತೆ

ಹೆಚ್ಚಿನವರ ಭಯ ಒಂದೇ: ಉಸಿರು ಕಟ್ಟಿದರೆ? ಕೊಳವೆ ಹೋಗುವುದು ಅನ್ನನಾಳದೊಳಗೆ. ಶ್ವಾಸನಾಳ ಬೇರೆ ದಾರಿ, ಅದು ತೆರೆದೇ ಇರುತ್ತದೆ. ಮಾತಾಡಲು ಆಗುವುದಿಲ್ಲ, ಉಸಿರಾಡಲು ಖಂಡಿತ ಆಗುತ್ತದೆ. ಇದನ್ನು ನಂಬಿ ನಿಧಾನವಾಗಿ ಉಸಿರಾಡುವವರಿಗೆ ಪರೀಕ್ಷೆ ಎಷ್ಟೋ ಹಗುರ.

1. ಗಟ್ಟಿ ಆಹಾರ ನಿಂತು 6 ರಿಂದ 8 ಗಂಟೆಯಾಗಿರಬೇಕು. ನೀರು ಎರಡು ಗಂಟೆ ಮೊದಲಿನವರೆಗೆ ಸಾಮಾನ್ಯವಾಗಿ ಸರಿ. ಹಾಲು ಬೆರೆಸಿದ ಕಾಫಿ, ಟೀ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿನ ಒಂದು ಲೋಟ ಕಾಫಿಯಿಂದ ಪರೀಕ್ಷೆ ಮುಂದೆ ಹೋಗಬಹುದು. ಎಲೆಅಡಿಕೆ, ಗುಟ್ಕಾ ಕೂಡದು. ಗುಲಾಬಿ ಬಣ್ಣದ ಗ್ಯಾಸ್ಟ್ರಿಕ್ ಸಿರಪ್‌ ಕೂಡ ಆ ಬೆಳಿಗ್ಗೆ ಬೇಡ, ಅದು ಒಳಪೊರೆಗೆ ಮೆತ್ತಿಕೊಂಡು ನೋಟ ಮರೆಮಾಡುತ್ತದೆ.

2. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಲು ಬಹುತೇಕ ಹೇಳುತ್ತಾರೆ. ಇನ್ಸುಲಿನ್, ಸಕ್ಕರೆ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು. ಡೋಸ್ ಹೇಗೆಂದು ಹಿಂದಿನ ದಿನವೇ ಕೇಳಿಕೊಳ್ಳಿ. ತೂಕ ಇಳಿಸಲು ಅಥವಾ ಸಕ್ಕರೆಗೆ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರು ತಪ್ಪದೆ ಹೇಳಬೇಕು, ಅದರಿಂದ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ.

3. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುವಾಗಿಸುವ ಔಷಧಿಗಳನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ನಿಲ್ಲಿಸಿದರೆ ಪರೀಕ್ಷೆಗಿಂತ ದೊಡ್ಡ ಅಪಾಯ ತಂದುಕೊಳ್ಳುತ್ತಾರೆ. ಬರೀ ನೋಡಿ ಚೂರು ತೆಗೆಯುವ ಪರೀಕ್ಷೆಗೆ ಹೆಚ್ಚಾಗಿ ನಿಲ್ಲಿಸಬೇಕಾಗಿಯೂ ಬರುವುದಿಲ್ಲ.

4. ಪೈಲೋರಿ ಪರೀಕ್ಷೆಯ ಉದ್ದೇಶವಿದ್ದರೆ ಪ್ಯಾಂಟಪ್ರಜೋಲ್ ಗುಂಪಿನ ಮಾತ್ರೆಗಳನ್ನು ಎರಡು ವಾರ, ಆ್ಯಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಬಿಟ್ಟಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರಬಹುದು. ಆದರೆ ಹುಣ್ಣಿನಿಂದ ರಕ್ತ ಸೋರಿದವರು ಮಾತ್ರೆ ಬಿಡುವುದು ಅಪಾಯ. ವೈದ್ಯರನ್ನು ಕೇಳದೆ ಬಿಡಬೇಡಿ.

5. ಕಟ್ಟಿಸಿದ ಹಲ್ಲು ತೆಗೆದಿಡಿ, ಅಲುಗುವ ಹಲ್ಲಿದ್ದರೆ ಹೇಳಿ. ಜೊತೆಗೊಬ್ಬರನ್ನು ಕರೆತನ್ನಿ.

ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಇಡುತ್ತಾರೆ. ಜೊಲ್ಲನ್ನು ನುಂಗಲು ಹೋಗದೆ ಹೊರಗೆ ಹರಿಯಬಿಡಿ. ಓಕರಿಕೆ ಬರುವುದು ಕೊಳವೆ ಗಂಟಲು ದಾಟುವ ಕೆಲವು ಕ್ಷಣ. ಒಟ್ಟು ಪರೀಕ್ಷೆ 5 ರಿಂದ 10 ನಿಮಿಷ. ಹೆದರಿಕೆ ಹೆಚ್ಚಿದ್ದರೆ ಮಂಪರು ಬರಿಸುವ ಇಂಜೆಕ್ಷನ್ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಮಂಪರು ತೆಗೆದುಕೊಂಡವರು ಆ ದಿನವೆಲ್ಲ ಗಾಡಿ ಓಡಿಸಬಾರದು, ಆಸ್ತಿಪತ್ರಗಳಿಗೆ ಸಹಿ ಹಾಕಬಾರದು. ಸ್ಪ್ರೇಯ ಮರಗಟ್ಟುವಿಕೆ ಇಳಿಯುವವರೆಗೆ, ಸುಮಾರು ಒಂದು ಗಂಟೆ, ಏನನ್ನೂ ನುಂಗಬೇಡಿ. ಗಂಟಲು ಕೆರೆತ ಒಂದೆರಡು ದಿನ ಇರಬಹುದು. ತೂತಾಗುವಂಥ ಅನಾಹುತ ಬಹಳ ಅಪರೂಪ. ಆದರೂ ಪರೀಕ್ಷೆಯ ನಂತರ ಎದೆ ಅಥವಾ ಹೊಟ್ಟೆಯಲ್ಲಿ ಹೆಚ್ಚುತ್ತಾ ಹೋಗುವ ನೋವು, ಜ್ವರ, ರಕ್ತ ಕಂಡರೆ ಅದೇ ಆಸ್ಪತ್ರೆಗೆ ಕೂಡಲೇ ಮರಳಿ.

ಸಿಟಿಗೆ ಹೋಗುವವರು ಗಮನಿಸಬೇಕಾದದ್ದು ಬೇರೆ: ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿಗೆ ಹಿಂದೆ ಅಲರ್ಜಿ ಆಗಿತ್ತೇ, ಮೂತ್ರಪಿಂಡ ಸರಿಯಿದೆಯೇ, ಗರ್ಭಿಣಿಯೇ ಎಂಬ ಮೂರನ್ನೂ ಮೊದಲೇ ತಿಳಿಸಬೇಕು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಲ್ಲು ಸಿಕ್ಕಿತೆಂದು ಎಲ್ಲ ಹೊಣೆ ಅದಕ್ಕೆ ಹೊರಿಸುವುದು. ಪಿತ್ತಕೋಶದಲ್ಲಿ ಕಲ್ಲಿದ್ದೂ ತೊಂದರೆ ಇಲ್ಲದವರು ಅನೇಕರು. ಹುಳಿತೇಗು, ಉಬ್ಬರ ಮಾತ್ರ ಇದ್ದವರು ಕಲ್ಲು ಕಂಡಿತೆಂದು ಪಿತ್ತಕೋಶ ತೆಗೆಸಿಕೊಂಡು, ಅದೇ ಹುಳಿತೇಗಿನೊಂದಿಗೆ ಮನೆಗೆ ಬರುವುದುಂಟು. ಶಸ್ತ್ರಚಿಕಿತ್ಸೆಗೆ ಮೊದಲು ‘ನನ್ನ ನೋವು ಈ ಕಲ್ಲಿನದೇ ಎಂದು ಹೇಗೆ ಗೊತ್ತು?’ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಸಮಾಧಾನದ ಉತ್ತರ ಸಿಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ವೈದ್ಯರನ್ನು ಕಾಣುವ ಮೊದಲೇ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗುವುದು ಇನ್ನೊಂದು. ನೋವು ಎಲ್ಲಿ, ಯಾವಾಗ, ಊಟಕ್ಕೆ ಮೊದಲೋ ನಂತರವೋ, ಮಂಡಿನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗುತ್ತಿದ್ದೀರಾ, ಇಷ್ಟು ಕೇಳಿದರೇ ಅರ್ಧ ದಾರಿ ಸವೆಯುತ್ತದೆ. ಈ ನೋವಿನ ಮಾತ್ರೆಗಳು ಪೈಲೋರಿಯಷ್ಟೇ ದೊಡ್ಡ ಹುಣ್ಣುಕಾರಕಗಳು. ಅಂಗಡಿಯಿಂದ ತಂದು ತಿನ್ನುವವರು ಅದನ್ನು ಔಷಧಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪೈಪ್ ಬೇಡವೆಂದು ಕ್ಯಾಮೆರಾ ಮಾತ್ರೆ ಕೇಳುವವರೂ ಇದ್ದಾರೆ. ಆ ಕ್ಯಾಪ್ಸೂಲ್ ಮುಖ್ಯವಾಗಿ ಸಣ್ಣ ಕರುಳಿಗೆ ಮೀಸಲು. ಅಗಲವಾದ ಜಠರದಲ್ಲಿ ಅದು ತನ್ನಷ್ಟಕ್ಕೆ ಉರುಳುತ್ತದೆ, ಬೇಕಾದ ಮೂಲೆಗೆ ತಿರುಗಿಸಲು ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಆಗುವುದಿಲ್ಲ, ಬಯಾಪ್ಸಿಯೂ ಇಲ್ಲ.

‘ಮೈಲ್ಡ್ ಆಂಟ್ರಲ್ ಗ್ಯಾಸ್ಟ್ರೈಟಿಸ್’ ಎಂಬ ಸಾಲು ಓದಿ ವರ್ಷಗಟ್ಟಲೆ ಮಾತ್ರೆ ನುಂಗುವುದು ಮತ್ತೊಂದು ತಪ್ಪು. ಜಠರದ ಕೆಳಭಾಗ ಸ್ವಲ್ಪ ಕೆಂಪಾಗಿದೆ ಎಂದು ಅದರರ್ಥ. ಕಣ್ಣಿಗೆ ಕಂಡ ಕೆಂಪಿಗೂ ಸೂಕ್ಷ್ಮದರ್ಶಕದ ಉರಿಯೂತಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಎಲ್ಲ ನಾರ್ಮಲ್ ಬಂದೂ ನೋವಿರುವವರ ನೋವು ಸುಳ್ಳೇನಲ್ಲ. ಜಠರದ ಚಲನೆ, ನರಗಳ ಸೂಕ್ಷ್ಮತೆಯಲ್ಲಿ ಏರುಪೇರಾದಾಗ ಬರುವ ಫಂಕ್ಷನಲ್ ಡಿಸ್ಪೆಪ್ಸಿಯಾ ನಿಜವಾದ ಕಾಯಿಲೆ, ಅದಕ್ಕೆ ಚಿಕಿತ್ಸೆಯೂ ಇದೆ. ಇಂಥವರಿಗೆ ಪ್ರತಿ ವರ್ಷ ಮತ್ತೆ ಮತ್ತೆ ಎಂಡೋಸ್ಕೋಪಿಯಿಂದ ಪ್ರಯೋಜನವಿಲ್ಲ.

ಖರ್ಚಿನ ಯೋಚನೆ ಇರುವವರು ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ.

ಪರೀಕ್ಷೆ ಮುಗಿದ ಮೇಲೆ

ಎಂಡೋಸ್ಕೋಪಿಯ ಚಿತ್ರಗಳಿರುವ ಹಾಳೆ ಅಂದೇ ಕೈಗೆ ಸಿಗುತ್ತದೆ, ಬಯಾಪ್ಸಿ ರಿಪೋರ್ಟ್‌ಗೆ ಕೆಲವು ದಿನ ಬೇಕು. ಮೊದಲ ಹಾಳೆ ನೋಡಿ ನೆಮ್ಮದಿಯಾಗಿ ಎರಡನೆಯದನ್ನು ತರಲು ಹೋಗದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ತರಲೇಬೇಕಾದದ್ದು ಅದೇ. ಪೈಲೋರಿಗೆ ಔಷಧಿ ಮುಗಿಸಿದವರು ಕನಿಷ್ಠ ನಾಲ್ಕು ವಾರ ಬಿಟ್ಟು ಉಸಿರು ಅಥವಾ ಮಲದ ಪರೀಕ್ಷೆಯಿಂದ ಅದು ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇದಕ್ಕೆ ಆಗದು, ಬ್ಯಾಕ್ಟೀರಿಯಾ ಹೋದ ಮೇಲೂ ಅದು ಬಹುಕಾಲ ಪಾಸಿಟಿವ್ ತೋರಿಸುತ್ತದೆ. ಸಣ್ಣ ಕರುಳಿನ ಆರಂಭದಲ್ಲಿದ್ದ ಹುಣ್ಣಿಗೆ ಸಾಮಾನ್ಯವಾಗಿ ಮತ್ತೆ ಎಂಡೋಸ್ಕೋಪಿ ಬೇಕಿಲ್ಲ. ಹುಣ್ಣು ಜಠರದಲ್ಲೇ ಇದ್ದರೆ, ನೋವು ಪೂರ್ತಿ ಹೋಗಿದ್ದರೂ, ಸುಮಾರು ಎಂಟು ವಾರಗಳ ನಂತರ ಮತ್ತೊಮ್ಮೆ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ಕೆಲವು ಕ್ಯಾನ್ಸರ್ ಹುಣ್ಣುಗಳು ಮಾತ್ರೆಗೆ ಅರ್ಧ ಮಾಗಿದಂತೆ ಕಂಡು ರೋಗಿಯನ್ನು ನಂಬಿಸುತ್ತವೆ, ಮತ್ತು ಆ ಎರಡನೆಯ ಬಯಾಪ್ಸಿಯಲ್ಲೇ ಅವು ಸಿಕ್ಕಿಬೀಳುತ್ತವೆ.